ಮಗುವಿನ ಪಾಲು

“ಅಮ್ಮಾ, ಈ ಬಸುರಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತೀರ ಕಡಿಮೆ ಸಿಕ್ಕಿದೆ. ಆದರೆ ದೋಷವೇನೂ ಕಾಣುತ್ತಿಲ್ಲ. ‘ಮಗು ಚೆನ್ನಾಗಿದೆ’ ಎಂದು ಬರೆದುಕೊಡಲೇ?”

ಕೇಳಿದವಳು ತುಂಗಾ. ಅವಳು ರಕ್ತಪರೀಕ್ಷೆಯ ಕೆಲಸ ಕಲಿಯಲು ಬಂದು ಆರು ತಿಂಗಳಾಗಿತ್ತು. ಕಲಿಸುವ ವೇದಾವತಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಬರೆಯೋದು ಇದ್ದೇ ಇದೆ, ಮೊದಲು ಇದನ್ನು ಕೇಳು” ಎಂದು ಹೇಳತೊಡಗಿದರು.

ಒಬ್ಬ ಪರೀಕ್ಷಕಿ ಇದ್ದಳು. ತಾಯಿಯ ತೋಳಿನಿಂದ ತೆಗೆದ ರಕ್ತದಲ್ಲಿ ಹೊಟ್ಟೆಯೊಳಗಿನ ಮಗುವಿನದೂ ಒಂದು ಪಾಲು ಇರುತ್ತದಲ್ಲ, ಅದನ್ನು ನೋಡಿ ಮಗುವಿಗೆ ದೋಷವಿರಬಹುದೇ ಎಂದು ಹೇಳುವುದು ಅವಳ ಕೆಲಸ. ನೋಡಿ ಉಳಿದದ್ದನ್ನು ಅವಳು ಚೆಲ್ಲುತ್ತಿರಲಿಲ್ಲ. ಸಣ್ಣ ನಳಿಗೆಗೆ ಹಾಕಿ, ಹೆಸರು, ದಿನ, ಹೊತ್ತು ಬರೆದು, ಹೆಪ್ಪುಗಟ್ಟಿಸುವ ತಣ್ಣನೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು.

ಒಂದು ದಿನ ಒಬ್ಬ ಹೆಂಗಸು ಅತ್ತೆಯ ಜೊತೆ ಬಂದಳು.

“ಎರಡು ವರ್ಷದ ಹಿಂದೆ ನನ್ನ ಮಗು ಚೆನ್ನಾಗಿದೆ ಅಂತ ಕಾಗದ ಕೊಟ್ಟಿದ್ರಿ. ದೋಷ ಇಟ್ಕೊಂಡೇ ಹುಟ್ಟಿದ ಮಗು ಹನ್ನೊಂದು ದಿನ ಇತ್ತು. ಹೆಸರಿಡೋ ಮುಂಚೆ ಹೋಯ್ತು. ಈಗ ಮತ್ತೆ ಬಸುರಿ. ಆವತ್ತಿನ ರಕ್ತದಲ್ಲಿ ಏನು ನೋಡಿದ್ರಿ ಅಂತ ಹೇಳೋವರೆಗೆ ಈ ಸಲ ತೋಳು ಕೊಡಲ್ಲ” ಎಂದಳು. ಅಷ್ಟು ಹೇಳಿ ಬೆಂಚಿನ ಮೇಲೆ ಕೂತಳು. ಅತ್ತೆ ಬಸ್ಸು ಹೋಗುತ್ತದೆಂದು ಎಷ್ಟು ಗೊಣಗಿದರೂ ಏಳಲಿಲ್ಲ. ಹುಡುಕುತ್ತೇವೆಂದು ಮಾತು ತೆಗೆದುಕೊಂಡ ಮೇಲೆಯೇ ಎದ್ದಳು.

ಪರೀಕ್ಷಕಿ ಹಳೆಯ ನಳಿಗೆ ತೆಗೆದಳು. ಈ ಸಲ ದೋಷ ಹುಡುಕಲಿಲ್ಲ. ಮಗುವಿನ ಪಾಲು ಎಷ್ಟಿದೆ ಎಂದು ಮಾತ್ರ ಅಳೆದಳು. ನೂರರಲ್ಲಿ ನಾಲ್ಕಾದರೂ ಇರಬೇಕಿತ್ತು. ಒಂದೂ ಇರಲಿಲ್ಲ.

ನಳಿಗೆಯ ಮೇಲಿನ ಚೀಟಿ ನೋಡಿದಳು. ರಕ್ತ ತೆಗೆದದ್ದು ಶನಿವಾರ. ಅದನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಮೇಲಿನ ತಿಳಿ ಬೇರ್ಪಡಿಸಿದ್ದು ಸೋಮವಾರ. ನಿಂತ ರಕ್ತದಲ್ಲಿ ತಾಯಿಯ ಕಣಗಳು ಒಡೆದಿದ್ದವು. ತಾಯಿಯ ಡಿಎನ್‌ಎ ತುಂಬಿಕೊಂಡು ಮಗುವಿನದು ಅದರೊಳಗೆ ಮುಳುಗಿಹೋಗಿತ್ತು. ಅಳತೆ ನೋಡದೆ ಅವಸರದಲ್ಲಿ ವರದಿ ಬರೆದಾಗಿತ್ತು.

ಹೆಂಗಸು ಮತ್ತೆ ಬಂದಾಗ ಪರೀಕ್ಷಕಿ ಮುಚ್ಚಿಡಲಿಲ್ಲ. “ತಾಯೀ, ಆವತ್ತು ನಾವು ನೋಡಿದ್ದು ನಿನ್ನನ್ನು. ಚೆನ್ನಾಗಿದ್ದವಳು ನೀನು. ಅದನ್ನೇ ಮಗುವಿನ ಹೆಸರಿಗೆ ಬರೆದುಬಿಟ್ಟೆವು” ಎಂದಳು.

ಆ ತಾಯಿ ರವಿಕೆಯ ತೋಳು ಮೇಲೆ ಸರಿಸಿದಳು. “ತಗೊಳ್ಳಿ. ನನ್ನ ಕಣ್ಣೆದುರೇ ಯಂತ್ರಕ್ಕೆ ಹಾಕಿ” ಎಂದಳು.

ಹಾಗೆಯೇ ಮಾಡಿದರು. ಅವಳಿಗೆ ಇನ್ನೂ ಒಂಬತ್ತನೇ ವಾರ. ಮಗುವಿನ ಪಾಲು ಮೂರೇ ಬಂತು. ದೋಷವೂ ಕಾಣಲಿಲ್ಲ. ಪರೀಕ್ಷಕಿ ಹೀಗೆ ಬರೆದುಕೊಟ್ಟಳು: ‘ಮಗುವಿನ ವಿಷಯ ಗೊತ್ತಾಗಲಿಲ್ಲ. ಮೂರು ವಾರ ಬಿಟ್ಟು ಬನ್ನಿ.’

ಅತ್ತೆಗೆ ರೇಗಿತು. “ಗೊತ್ತಾಗಲಿಲ್ಲ ಅನ್ನೋದಕ್ಕೆ ಇಷ್ಟು ದೊಡ್ಡ ಯಂತ್ರ ಬೇಕಿತ್ತಾ? ನಮ್ಮ ಎಮ್ಮೆ ಡಾಕ್ಟ್ರು ಇದಕ್ಕಿಂತ ವಾಸಿ, ಹೊಟ್ಟೆ ಮುಟ್ಟಿ ಹೇಳಿಬಿಡ್ತಾರೆ!”

ಸೊಸೆ ಕಾಗದ ಮಡಿಸಿಕೊಂಡಳು. “ಸುಮ್ನಿರಿ ಅತ್ತೆ. ಹೋದ ಸಲ ಗೊತ್ತು ಅಂದಿದ್ರು.”

ಮೂರು ವಾರ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಹೇಳಿದ ದಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. ಈ ಸಲ ಮಗುವಿನ ಪಾಲು ಒಂಬತ್ತು ಬಂತು. ದೋಷ ಕಾಣಲಿಲ್ಲ. ಪರೀಕ್ಷಕಿ ಹಾಗೆಂದು ಬರೆದುಕೊಟ್ಟಳು. ದಿನ ತುಂಬಿ ಮಗು ಹುಟ್ಟಿತು, ಊರು ಕೇಳುವಂತೆ ಅತ್ತಿತು. ಹೆಸರಿಟ್ಟ ದಿನದ ಗುಗ್ಗರಿಯನ್ನು ಆ ಅತ್ತೆಯೇ ತಂದುಕೊಟ್ಟಳು.

ಕತೆ ಮುಗಿಯಿತು. ತುಂಗಾಳಿಗೆ ಸಮಾಧಾನವಾಗಲಿಲ್ಲ.

“ಮಗು ಚೆನ್ನಾಗಿಯೇ ಇತ್ತಲ್ಲ ಅಮ್ಮಾ. ಮೂರು ಬಂದ ದಿನವೇ ‘ಚೆನ್ನಾಗಿದೆ’ ಎಂದು ಬರೆದಿದ್ದರೂ ನಿಜವೇ ಆಗುತ್ತಿತ್ತು. ಆ ತಾಯಿಯನ್ನು ಅಷ್ಟು ದಿನ ಸುಮ್ಮನೆ ಯಾಕೆ ಕಾಯಿಸಬೇಕಿತ್ತು?”

ವೇದಾವತಮ್ಮ ಹೇಳಿದರು: “ಹೋದ ಮಗುವಿಗೂ ನಾನು ‘ಚೆನ್ನಾಗಿಯೇ ಇದೆ’ ಅಂದುಕೊಂಡೇ ಬರೆದಿದ್ದೆ ಮಗಳೇ.”