ಮಂಜಿಗೊಂದು ಹಾಡು

ಹೊಳೆದಂಡೆಯ ಮಠದಲ್ಲಿ ಸಂಗಯ್ಯನೆಂಬ ಗಾಯಕ ಗುರುವಿದ್ದ. ಕೇಳಿಬಂದವರಿಗೆಲ್ಲ ಹಾಡು ಕಟ್ಟಿಕೊಡುತ್ತಿದ್ದ.

ಒಂದು ದಿನ ಅಂಬಿಗರ ಹುಲಿಗೆಮ್ಮ ಬಂದಳು.

“ಮಂಜಿಗೊಂದು ಹಾಡು ಬೇಕ್ರೀ, ಅಜ್ಜಾರ. ಹೋದ ವರ್ಷ ಮಂಜಿನಾಗ ದಂಡಿ ಕಾಣದ ನನ್ನ ಗಂಡ ಹೊಳ್ಯಾಗಿನ ಬಂಡಿಗಲ್ಲಿಗೆ ಬಡದು ಹೋದ. ಈಗ ಮಗ ಯಂಕೋಬ ಹರಿಗೋಲು ಹಾಕ್ತಾನ. ದಂಡಿ ಎಲ್ಲೈತಿ ಅಂತ ತೋರಿಸೋ ಹಾಡು ಕಟ್ಟಿಕೊಡ್ರಿ.”

ಶಿಷ್ಯ ನೀಲಕಂಠನಿಗೆ ನಗು ಬಂತು. ದೇವರಿಗೆ ಹಾಡು ಕಟ್ಟಿದ್ದುಂಟು, ಮದುವೆಗೆ ಕಟ್ಟಿದ್ದುಂಟು. ಮಂಜಿಗೆ?

“ನೀನ ಕಟ್ಟು,” ಎಂದ ಗುರು.

ಕಟ್ಟಿದ. ಮೈಮರೆಸುವ ಹಾಡು. ಮಂಜು ಕವಿದ ಬೆಳಿಗ್ಗೆ ದಂಡೆಯಲ್ಲಿ ನಿಂತು ಮನಸಾರೆ ಹಾಡಿದ.

ಹೊಳೆಯ ನಡುವೆ ಅಂಬಿಗರು ಹುಟ್ಟು ಹಾಕುವುದನ್ನೇ ಮರೆತು ಕುಳಿತರು. ಹರಿಗೋಲುಗಳು ಸೆಳವಿಗೆ ಸಿಕ್ಕವು. ಯಂಕೋಬನದು ಬಂಡೆಗೆ ಬಡಿದು ಹರಿದುಹೋಯಿತು. ಅವನು ಆ ಬಂಡೆಯನ್ನೇ ತಬ್ಬಿಕೊಂಡು ಬದುಕಿದ.

“ಎಂಥಾ ಹಾಡ್ರೀ ಅದು! ಕೈಯ ಆಡಲಿಲ್ಲ,” ಎಂದ, ಚಳಿಗೆ ನಡುಗುತ್ತ.

ನೀಲಕಂಠನಿಗೆ ನಾಚಿಕೆಯಾಯಿತು. ಒಳಗೊಳಗೇ ಹಿಗ್ಗೂ ಆಯಿತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮತ್ತೊಂದು ದಿನ ಇದ್ದಕ್ಕಿದ್ದಂತೆ ಮಂಜು ಇಳಿಯಿತು. ಯಂಕೋಬ ಹೊಸ ಹರಿಗೋಲಿನಲ್ಲಿ ಹೊಳೆಯ ಮೇಲಿದ್ದ. ಗುರು ಹುಲಿಗೆಮ್ಮನನ್ನು ದಂಡೆಗೆ ಕರೆದು ಒಂದೇ ಸಾಲು ಹೇಳಿಕೊಟ್ಟ. ಅವಳು ತನ್ನ ಒರಟು ದನಿಯಲ್ಲಿ ಹಾಡಿದಳು:

“ದಂಡಿ ಇಲ್ಲೈತೋ, ನೀ ಎಲ್ಲಿದ್ದೀಯೋ…”

ಗುರು ಕೈಯೆತ್ತಿ ಅವಳನ್ನು ನಿಲ್ಲಿಸಿದ.

ಸದ್ದಿಲ್ಲ. ನೀಲಕಂಠನಿಗೆ ತಡೆಯಲಾಗಲಿಲ್ಲ. ಮುಂದಿನ ಸಾಲನ್ನು ತಾನೇ ಕೂಡಿಸಲು ಬಾಯಿ ತೆರೆದ. ಗುರು ಆ ಬಾಯಿಗೆ ಅಂಗೈ ಒತ್ತಿದ.

ದೂರದಿಂದ, ಅದೇ ಧಾಟಿಯಲ್ಲಿ ಒಂದು ದನಿ ಬಂತು: “ಇಲ್ಲೇ ಅದೀನಿ, ಯವ್ವೋ…”

ಹುಲಿಗೆಮ್ಮ ಅಳುತ್ತಲೇ ಮತ್ತೆ ಹಾಡಿದಳು, ಮತ್ತೆ ಸುಮ್ಮನಾದಳು. ದನಿ ಹತ್ತಿರವಾಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಏನೂ ಕಾಣದ ಆ ಬಿಳುಪಿನೊಳಗಿಂದ ಇಡೀ ಹೊಳೆಯೇ ಓಗೊಡುತ್ತಿತ್ತು. ಇಂಥ ಹಾಡನ್ನು ನೀಲಕಂಠ ಜನ್ಮದಲ್ಲೇ ಕೇಳಿರಲಿಲ್ಲ.

ಹರಿಗೋಲುಗಳು ಒಂದೊಂದಾಗಿ ದಡ ಸೇರಿದವು. ಹುಲಿಗೆಮ್ಮ ಮಗನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿ, ಕೈ ಹಿಡಿದು ಕರೆದೊಯ್ದಳು.

ನೀಲಕಂಠ ಗುರುವಿನ ಕಾಲು ಮುಟ್ಟಿದ. “ಒಂದ ಸಾಲು ಕಟ್ಟೀರಿ, ಗುರುಗಳ. ಉಳಿದ ಹಾಡು ಎಲ್ಲೈತ್ರೀ?”

ತಾಯಿ ಮಗ ಹೋದ ದಾರಿಯನ್ನೇ ಗುರು ನೋಡುತ್ತಿದ್ದ.

“ಈಗಷ್ಟ ಅವ್ವನ ಕೈ ಹಿಡಕೊಂಡು ಮನೀಗೆ ಹೋತಲ್ಲೋ.”