ಗಾಳಿಯಲ್ಲಿ ತೇಲಿ ನೀರಿನಲ್ಲಿ ಮುಳುಗುವುದು

"ಕೇಳಿರಪ್ಪಾ ಕೇಳಿ. ರಾಜಕುಮಾರಿ ಹಂಸಲೆ ಹೊಟ್ಟೆನೋವಿನಿಂದ ಹಾಸಿಗೆ ಹಿಡಿದಿದ್ದಾಳೆ. ಆಸ್ಥಾನದ ವೈದ್ಯರು ಸಾಯುವ ಮುಂಚೆ ಕಾಯಿಲೆಯ ಗುಟ್ಟನ್ನು ಮೂರು ಒಗಟುಗಳಲ್ಲಿ ಬರೆದಿಟ್ಟಿದ್ದಾರೆ. ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ."

ಬೊಪ್ಪರಾಜನ ಪಟ್ಟಣದಲ್ಲಿ ಹೀಗೆ ಡಂಗುರ ಸಾರಿದಾಗ, ವೈದ್ಯರು ನೇರವಾಗಿ ಯಾಕೆ ಹೇಳಲಿಲ್ಲ ಎಂದು ಒಬ್ಬನೂ ಕೇಳಲಿಲ್ಲ. ಅರ್ಧ ರಾಜ್ಯ ಎಂದ ಮೇಲೆ ಅಂಥ ಪ್ರಶ್ನೆ ಯಾರಿಗೆ ಬೇಕು?

ರಾಜಕುಮಾರಿಯ ಕೈಹಿಡಿಯುವ ಆಸೆಯಿಂದ ನೆರೆನಾಡಿನ ಯುವರಾಜ ಮೊದಲು ಬಂದ. ರಾಜ ಓದಿದ: "ಗಾಳಿಯಲ್ಲಿ ತೇಲುತ್ತದೆ, ನೀರಿನಲ್ಲಿ ಮುಳುಗುತ್ತದೆ. ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ಏನದು?"

"ಮಾಟ," ಎಂದ ಯುವರಾಜ.

"ಹಾಗಾದರೆ ಮುಳುಗಿಸಿ ತೋರಿಸು," ಎಂದ ರಾಜ. ಕಾವಲಿನವರು ಯುವರಾಜನನ್ನು ಸೆರೆಮನೆಗೆ ಒಯ್ದರು. ಆಮೇಲೆ ಬಂದ ದಂಡನಾಯಕನ ಮಗ, ಉತ್ತರ ಮಂಜು ಎಂದು ಹೇಳಿ, ಅದೇ ಸೆರೆಮನೆ ಸೇರಿದ. ಸಂಜೆಗೆ ಇಬ್ಬರ ತಲೆಯೂ ಹೋಗುವುದಿತ್ತು.

ಮೂರನೆಯವಳಾಗಿ ಸುಂಕಿ ಬಂದಳು. ಕುಶಲಕರ್ಮಿಗಳ ಬೀದಿ ಗುಡಿಸಿ, ಧೂಳನ್ನು ಮರದ ಮರಿಗೆಯಲ್ಲಿ ತೊಳೆದು ಲೋಹದ ಕಣ ಹೆಕ್ಕಿ ಬದುಕುವವಳು. ಅವಳ ಅಣ್ಣ ಹಂಸಲೆಯ ಹಾಗೆಯೇ ಹೊಟ್ಟೆ ಹಿಡಿದುಕೊಂಡು ಹೊರಳಿ ಸತ್ತಿದ್ದ. ಇನ್ನೊಬ್ಬರ ಮನೆಯಲ್ಲಿ ಅದು ಆಗಬಾರದೆಂದು ಬಂದಿದ್ದಳು.

ಒಗಟು ಕೇಳಿದವಳೇ ಹಂಸಲೆಯ ಕಿಟಕಿಯ ಧೂಳು ತರಿಸಿ, ಮರಿಗೆಗೆ ಸುರಿದು ನೀರಾಡಿಸಿದಳು. ಮಣ್ಣೆಲ್ಲ ಹರಿದುಹೋಗಿ ತಳದಲ್ಲಿ ಬೂದು ಬಣ್ಣದ ಪುಡಿ ನಿಂತಿತು. "ಗಾಳೀಲಿ ಬಂದದ್ದು ಇದೇ ಬುದ್ಧಿ. ನೋಡಿ, ಮುಳುಗ್ತು."

ರಾಜ ಮುಂದಕ್ಕೆ ಬಾಗಿ ಎರಡನೆಯದನ್ನು ಓದಿದ: "ಕೈಯಿಲ್ಲ, ಆದರೂ ಬಾಯೊಳಗೆ ನೀಲಿ ಗೆರೆ ಎಳೆಯುತ್ತದೆ. ಹೆಸರೇನು?"

ಸುಂಕಿ ಪುಡಿಯನ್ನು ಕೆಂಡದ ಮೇಲಿಟ್ಟು ಊದುಗೊಳವೆಯಿಂದ ಊದಿದಳು. ಮೆತ್ತನೆಯ ಗುಂಡು ಕಟ್ಟಿತು. ಆರಿದ ಮೇಲೆ ಸುಣ್ಣದ ಗೋಡೆಗೆ ಎಳೆದರೆ ಬೂದು ಗೀರು ಬಿತ್ತು. "ಸೀಸ, ಬುದ್ಧಿ. ಅಮ್ಮಾವ್ರ ಒಸಡು ನೋಡ್ಸಿ."

ರಾಜಕುಮಾರಿಯ ದಾದಿ ಒಳಗೆ ಹೋಗಿ ನೋಡಿ ಓಡಿ ಬಂದಳು. ಹಂಸಲೆಯ ಹಲ್ಲಿನ ಬುಡದಲ್ಲಿ ನೀಲಿ ಗೆರೆಯಿತ್ತು.

ಮೂರನೆಯದನ್ನು ಓದುವಾಗ ರಾಜನ ದನಿ ಸಣ್ಣದಾಗಿತ್ತು: "ಕಳ್ಳರಿಗೆ ಹೆದರಿ ಕಳ್ಳನನ್ನೇ ಮನೆಯೊಳಗೆ ಇಟ್ಟುಕೊಂಡವರು ಯಾರು?"

ಸುಂಕಿ ಮರಿಗೆಯಲ್ಲಿ ಉಳಿದ ಪುಡಿ ತೋರಿಸಿದಳು. "ನಾವು ಒಂದು ಬೀದಿ ಧೂಳು ಇನ್ನೊಂದಕ್ಕೆ ಬೆರ್ಸಲ್ಲ ಬುದ್ಧಿ. ಕಮ್ಮಾರರ ಬೀದೀದು ಸೂಜಿಗಲ್ಲಿಗೆ ಅಂಟುತ್ತೆ. ಕಂಚುಗಾರರದು ಕೆಂಪಗೆ ನಿಲ್ಲುತ್ತೆ. ಈ ಬೂದುಪುಡಿ ಸಿಗೋದು ಒಂದೇ ಕಡೆ. ನಮ್ಮಣ್ಣ ಗುಡಿಸ್ತಿದ್ದ ತಮ್ಮ ಟಂಕಸಾಲೆ ಗೋಡೆ ಪಕ್ಕ. ಇಟ್ಕೊಂಡೋರು ತಾವೇ."

ನಾಣ್ಯ ಒತ್ತಲು ಬೆಳ್ಳಿಗೆ ಸೀಸ ಬೆರೆಸಿ ಕಾಸಿ ಶುದ್ಧಿ ಮಾಡುವ ಕುಲುಮೆ ಅದು. ಬೆಳ್ಳಿ ಕಳುವಾದೀತೆಂದು ರಾಜ ಅದನ್ನು ಅರಮನೆಯಲ್ಲೇ, ಮಗಳ ಉಪ್ಪರಿಗೆಯ ಕೆಳಗೇ ಕಟ್ಟಿಸಿದ್ದ. ಅದರ ಸೀಸದ ಹೊಗೆ ಸೀದಾ ಅವಳ ಕಿಟಕಿಗೆ ಏರುತ್ತಿತ್ತು. ವೈದ್ಯರು ಬಾಯಿಬಿಡದೆ ಸತ್ತದ್ದು ಯಾಕೆಂದು ಈಗ ಎಲ್ಲರಿಗೂ ಗೊತ್ತಾಯಿತು.

ರಾಜನಿಗೆ ಮೈಯೆಲ್ಲ ಉರಿಯಿತು. "ಮಗಳನ್ನು ನಾನೇ ಕೊಲ್ಲುತ್ತಿದ್ದೇನೆ ಅನ್ನುತ್ತೀಯಾ? ಇವಳ ತಲೆ ತೆಗೆಯಿರಿ."

ತಲೆ ಕಡಿಯುವವನು ಕತ್ತಿ ಎತ್ತಿದ. "ಅಣ್ಣಾ, ಒಂದ್ಸಲ ಬಾಯಿ ತೆಗಿ," ಎಂದಳು ಸುಂಕಿ. ಅವನು ಬೆಪ್ಪಾಗಿ ತೆಗೆದ. ನೀಲಿ ಗೆರೆ. ಮಂತ್ರಿ ತುಟಿ ಎತ್ತಿದ, ಕಾವಲಿನವರು ಎತ್ತಿದರು. ಎಲ್ಲರಿಗೂ ಇತ್ತು. ರಾಜ ಕನ್ನಡಿ ತರಿಸಿ ನೋಡಿಕೊಂಡ; ಅವನಿಗೂ ಇತ್ತು. ಕತ್ತಿ ಇಳಿಸಲು ಕೈಸನ್ನೆ ಮಾಡಿದ.

ಕೊನೆಗೆ ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ ಹೇಳಿದ: "ಗೆದ್ದೆ ತಾಯಿ. ಕುಲುಮೆಯನ್ನು ಇಂದೇ ಊರ ತೆಂಕಣ ತುದಿಗೆ ಸಾಗಿಸುತ್ತೇನೆ."

"ಅಲ್ಲಿ ನಮ್ಮ ಕೇರಿ ಐತೆ ಬುದ್ಧಿ."

ರಾಜ ತಲೆ ತಗ್ಗಿಸಿದ. "ನಿನಗೆ ಯಾವ ಅರ್ಧ ರಾಜ್ಯ ಬೇಕು, ಕೇಳು."

"ತೆಂಕಣದ್ದು ಕೊಡಿ. ನನ್ನ ಅರ್ಧದಾಗೆ ಅದನ್ನ ಹಚ್ಚೋಕೆ ಬಿಡಲ್ಲ. ನಿಮ್ಮ ಅರ್ಧದಾಗೆ ನಿಮ್ಮ ಮಗಳವ್ಳೆ. ಎಲ್ಲಿ ಹಚ್ತೀರೋ ನೀವೇ ಹೇಳಿ."

ರಾಜ ಎದ್ದ. ನೀರಿನ ಕೊಡ ಕೇಳಿ ಪಡೆದು, ತಾನೇ ಹೊತ್ತುಕೊಂಡು ಟಂಕಸಾಲೆಯ ಉರಿಯುವ ಕುಲುಮೆಯ ಕಡೆ ನಡೆದ.