ಲಾರಿಗಳ ದಾರಿ ಕಾಯ್ದ ರಾಜಮತಿ

ಎಷ್ಟೋ ಮಳೆಗಾಲಗಳ ಹಿಂದೆ, ದೊಡ್ಡ ರಸ್ತೆಯ ದಂಡೆಗೆ ಒಂದು ಊರಿತ್ತಂತೆ. ಆ ಊರಿನ ಗಂಡಸರಲ್ಲಿ ಅರ್ಧಕ್ಕರ್ಧ ಲಾರಿ ಓಡಿಸುವವರು. ಮನೆಯಲ್ಲಿ ಇರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ನಮ್ಮ ಅತ್ತೆ ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳುತ್ತಿದ್ದೇನೆ. ನಡುವೆ ಒಂದಿಷ್ಟು ಸೇರಿರಬಹುದು, ಸೇರಲಿ ಬಿಡಿ.

ಆಗ ಕೈಗೊಂದು ಫೋನು ಇರಲಿಲ್ಲ. ಹೋದ ಗಂಡ ಎಲ್ಲಿದ್ದಾನೆಂದು ಹೆಂಡತಿಗೆ ತಿಳಿಯುತ್ತಿದ್ದುದು ಅವನು ಬಂದು ಬಾಗಿಲು ತಟ್ಟಿದಾಗಲೇ.

ಅಂಥ ಊರಿನಲ್ಲಿ ಸಾಹುಕಾರ ನೇಮಣ್ಣನವರ ಲಾರಿ ಕಂಪನಿಗೆ ಒಂದು ಕಂಪ್ಯೂಟರು ಬಂತಂತೆ. ಮೇಜಿನ ಮೇಲೆ ಕೂರುವಂಥದ್ದಲ್ಲ, ಕೋಣೆ ತುಂಬುವಂಥದ್ದೂ ಅಲ್ಲ. ನಡು ಗಾತ್ರದ್ದು, ಬಟ್ಟೆ ಇಡುವ ಕಪಾಟಿನಷ್ಟು ಎತ್ತರ, ಕಪ್ಪು ಬಣ್ಣ. ಅದನ್ನು ನೋಡಿಕೊಳ್ಳಲು ಬಂದವಳೇ ರಾಜಮತಿ. ಮುಂಬೈಯಲ್ಲಿ ಕಲಿತವಳು. ಆ ಯಂತ್ರಕ್ಕೆ ತಂಪು ಬೇಕೆಂದು ಕೋಣೆಯಲ್ಲಿ ಎಸಿ ಹಾಕಿದ್ದರು, ಹೀಗಾಗಿ ಹೊರಗೆ ಉರಿಬಿಸಿಲಿದ್ದರೂ ರಾಜಮತಿ ಉಣ್ಣೆಯ ಸ್ವೆಟರಿನಲ್ಲೇ ಇರುತ್ತಿದ್ದಳಂತೆ.

ಲಾರಿ ಯಾವ ಊರಿನ ಶಾಖೆ ದಾಟಿದರೂ ಅಲ್ಲಿಂದ ಫೋನು ಬರುತ್ತಿತ್ತು, ರಾಜಮತಿ ಅದನ್ನು ಯಂತ್ರದೊಳಗೆ ಹಾಕುತ್ತಿದ್ದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿತ್ತು. ಇದು ಹೆಂಗಸರ ಕಿವಿಗೆ ಬಿತ್ತು. ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಬರತೊಡಗಿದರು. ಗಂಡ ಎಲ್ಲಿದ್ದಾನೆ, ಮಗ ಎಲ್ಲಿದ್ದಾನೆ ಅಂತ ಕೇಳುವರು. ಅವಳು ನೋಡಿ ಹೇಳುವಳು. ಒಂದು ಸಲವೂ ಬೇಸರಪಡಲಿಲ್ಲ ಅಂತ ಹೇಳುತ್ತಾರೆ. ಯಂತ್ರದ ಬೆನ್ನಿಗೆ ಅಂಗೈ ಇಟ್ಟರೆ ಸಾಕು, ಒಳಗೆ ಯಾವ ಭಾಗ ದಣಿದಿದೆ ಅಂತ ಅವಳಿಗೆ ತಿಳಿಯುತ್ತಿತ್ತು ಅಂತಲೂ ಹೇಳುತ್ತಾರೆ. ನಾನೇನು ನೋಡಿಲ್ಲ.

ಒಮ್ಮೆ ಚಾಲಕ ಮಾಬುಸಾಬನ ಹೆಂಡತಿ ಹುಸೇನಬಿ ಬಂದಳು. ಹೊಸದಾಗಿ ಮದುವೆಯಾದವಳು. ಕಿಟಕಿಯಿಂದ ಆ ಕಪ್ಪು ಕಪಾಟನ್ನೇ ನೋಡುತ್ತ ಕೇಳಿದಳು:

"ಅಕ್ಕಾ, ನಮ್ಮ ಮನಿಯವರು ಇದರಾಗ ಎಲ್ಲಿ ಅದಾರ?"

ಉಳಿದವರು ನಕ್ಕರು. ರಾಜಮತಿ ನಗಲಿಲ್ಲ. "ಚಪ್ಪಲಿ ಬಿಟ್ಟು ಒಳಗ ಬಾ, ತೋರಸ್ತೀನಿ" ಅಂದಳು.

ಯಂತ್ರದ ಹಿಂಬಾಗಿಲು ತೆಗೆದಳಂತೆ. ಯೋಚಿಸುವ ಭಾಗ ಇದು ಅಂತ ತೋರಿಸಿದಳು. ಇದಕ್ಕೆ ಸಣ್ಣಪುಟ್ಟ ಕೆಲಸ ಹಚ್ಚುವುದಿಲ್ಲ. ಡಿಸ್ಕಿನಿಂದ ತರುವುದಕ್ಕೆ, ಪರದೆಗೆ ಕಳಿಸುವುದಕ್ಕೆ ಬೇರೆ ಬೇರೆ ಆಳುಗಳಿವೆ, ನಮ್ಮ ಗೋದಾಮಿನಲ್ಲಿ ಹಮಾಲರು ಇದ್ದಹಾಗೆ ಅಂದಳು. ಬೇರೆ ಯಂತ್ರಗಳಲ್ಲಿ ಕೈಯಲ್ಲಿರುವ ಸಾಮಾನಿಗೆ ಒಂದು ಲೆಕ್ಕ, ಕಪಾಟಿನಲ್ಲಿರುವುದಕ್ಕೆ ಇನ್ನೊಂದು ಲೆಕ್ಕ. ಇದರಲ್ಲಿ ಹಾಗಿಲ್ಲ, ಎಲ್ಲವೂ ಒಂದೇ ದೊಡ್ಡ ಮನೆ. ಒಳಗೆ ಬಂದದ್ದಕ್ಕೆಲ್ಲ ಒಂದು ವಿಳಾಸ, ನಿನ್ನ ಗಂಡನ ಹೆಸರಿಗೂ ಒಂದು. ಆ ವಿಳಾಸವನ್ನು ಮುಂದೆ ಎಂದೂ ಮತ್ತೊಂದಕ್ಕೆ ಕೊಡುವುದಿಲ್ಲ.

"ಎಂದೂ ಕೊಡಂಗಿಲ್ಲ?" ಅಂತ ಹುಸೇನಬಿ ಮತ್ತೆ ಕೇಳಿದಳು.

"ಎಂದೂ ಕೊಡಂಗಿಲ್ಲ."

ಆ ದಿನ ಹುಸೇನಬಿ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದಳಂತೆ.

ಮರುವರ್ಷ ಮಳೆ ಹಿಡಿಯಿತು. ಎಂಥ ಮಳೆ! ಹಳ್ಳಗಳು ರಸ್ತೆಗೆ ಬಂದವು, ಫೋನಿನ ಕಂಬಗಳು ಉರುಳಿದವು. ಸಾತಾರಾ ಬಿಟ್ಟ ಮಾಬುಸಾಬನ ಲಾರಿ ಕೊಲ್ಹಾಪುರ ಮುಟ್ಟಲಿಲ್ಲ. ಹುಸೇನಬಿಗೆ ಆಗ ದಿನ ತುಂಬಿತ್ತು. ಆ ಭಾರದ ಹೊಟ್ಟೆ ಹೊತ್ತು ಬಂದು ಆಫೀಸಿನ ಬೆಂಚಿನ ಮೇಲೆ ಕೂತಳು. ಅಳಲಿಲ್ಲ, ಎದ್ದು ಹೋಗಲೂ ಇಲ್ಲ.

ಅದೇ ಹೊತ್ತಿಗೆ ಯಂತ್ರ ಚೀರಿಕೊಂಡಿತು. ಒಂದು ಡಿಸ್ಕು ಸತ್ತುಹೋಗಿತ್ತು. ರಿಪೇರಿಯವರು ಬರಬೇಕೆಂದರೆ ರಸ್ತೆಯಿಲ್ಲ. ನೇಮಣ್ಣ ಸಾಹುಕಾರರು ಗಾಬರಿಯಿಂದ ಓಡಿಬಂದು, ಬಂದ್ ಮಾಡಿಬಿಡು ತಂಗಿ, ಉಳಿದದ್ದಾದರೂ ಉಳಿಯಲಿ ಅಂದರು.

ರಾಜಮತಿ ಇದ್ದದ್ದು ಇದ್ದಹಾಗೆ ಹೇಳಿದಳು. "ಒಂದು ಡಿಸ್ಕು ಹೋದರ, ಅದರಾಗಿನ ಮಾತು ಉಳಿದವೆಲ್ಲಾ ಸೇರಿ ನೆನಪು ಮಾಡಿ ಹೇಳತಾವ್ರಿ. ಇದನ್ನ ಕಟ್ಟಿದ್ದ ಹಂಗ. ತಡಾ ಆಗತದ, ಆದ್ರ ಹೇಳತಾವ."

"ಇನ್ನೊಂದು ಹೋದರ?"

"ಹೋದರ ಎಲ್ಲಾ ಹೋತ್ರಿ."

ಸಾಹುಕಾರರು ಬೆಂಚಿನ ಕಡೆ ನೋಡಿದರು. ಆಮೇಲೆ, "ನಡೀಲಿ" ಅಂದರು.

ರಾಜಮತಿ ಆಫೀಸಿನ ಉಳಿದ ಪರದೆಗಳನ್ನೆಲ್ಲ ಬಂದ್ ಮಾಡಿಸಿ, ಯಂತ್ರಕ್ಕೆ ಒಂದೇ ಕೆಲಸ ಕೊಟ್ಟಳು: ಮಾಬುಸಾಬ ಹೊರಟ ದಿನ ಸಾತಾರಾದಿಂದ ಅದೇ ದಾರಿ ಹಿಡಿದವರು ಯಾರು ಯಾರು? ಕೇಳಿ, ಕೂತಳು. ಅಂಗೈಯನ್ನು ಯಂತ್ರದ ಬೆನ್ನಿನಿಂದ ತೆಗೆಯಲೇ ಇಲ್ಲ ಅಂತ ಹೇಳುತ್ತಾರೆ. ಹಸಿರು ಅಕ್ಷರ ಒಂದೊಂದೇ ಸಾಲಾಗಿ, ಮುದುಕರು ಮೆಟ್ಟಿಲು ಹತ್ತಿದಹಾಗೆ ಬಂದವು. ಕೊನೆಗೆ ಒಂದು ಹೆಸರು ಬಂತು, ಬಸಲಿಂಗ. ಮಾಬುಸಾಬನ ಹಿಂದೆಯೇ ಹೊರಟವನು, ಈಗ ಬೇರೆ ದಾರಿಯಿಂದ ಮಿರಜ ಮುಟ್ಟಿದ್ದಾನೆ.

ಮಿರಜದ ಫೋನು ಜೀವಂತವಿತ್ತು. ಬಸಲಿಂಗನನ್ನು ಕರೆಸಿದರು. ರಾಜಮತಿ ಫೋನನ್ನು ಹುಸೇನಬಿಯ ಕಿವಿಗೇ ಹಿಡಿದಳು.

"ತಂಗೀ, ನಿನ್ನ ಗಂಡಗ ಏನೂ ಆಗಿಲ್ಲ," ಅಂತ ಬಸಲಿಂಗ ಕೂಗಿ ಹೇಳಿದ. "ಕರಾಡದ ಈಚೆ ಹಳ್ಳದ ದಂಡಿಗೆ ನಿಂತಾನ. ನಂದು ಖಾಲಿ ಗಾಡಿ, ತಿರಗಿಸಿಕೊಂಡು ಬಂದೆ. ಅವಂದು ತುಂಬಿದ ಗಾಡಿ, ತಿರಗಲಿಲ್ಲ. ಗಾಡಿ ಮ್ಯಾಲೆ ಹೊಚ್ಚಿದ ತಾಡಪತ್ರಿ ಬಿಚ್ಚಿ, ಅಲ್ಲೇ ಸಿಕ್ಕೊಂಡ ಬಸ್ಸಿನ ಮಂದಿಗೆಲ್ಲಾ ಆಸರ ಮಾಡಿಕೊಟ್ಟಾನ. ಚಾ ಕಾಸಾಕತ್ತಿದ್ದ."

ಹುಸೇನಬಿ ಆಗ ಅತ್ತಳು. ಅತ್ತಳು, ನಕ್ಕಳು. ಚಾ ಕಾಸೋದು ಅವರಿಗೆಲ್ಲಿ ಬರತದ ಅಂದಳಂತೆ.

ನೀರು ಇಳಿಯಿತು, ಮಾಬುಸಾಬ ಬಂದ. ಹೆಣ್ಣು ಕೂಸು ಹುಟ್ಟಿತು. ರಿಪೇರಿಯವರು ಬಂದು ಹೊಸ ಡಿಸ್ಕು ಕೂಡಿಸಿದರು, ಉಳಿದವು ತಮ್ಮ ನೆನಪಿನಿಂದ ಅದನ್ನು ಮತ್ತೆ ತುಂಬಿದವು. ಅದು ತುಂಬುವ ತನಕ ರಾಜಮತಿ ಅಲ್ಲೇ ಕೂತಿದ್ದಳಂತೆ, ಬಾಣಂತಿಯ ಪಕ್ಕದಲ್ಲಿ ಕೂತಹಾಗೆ.

ಆಮೇಲೆ ಅವಳು ಏನಾದಳೋ. ತಮ್ಮನ ಮನೆಗೆ ಸಾಂಗಲಿಗೆ ಹೋದಳು ಅಂತ ಕೆಲವರು. ಬಾಹುಬಲಿ ಬೆಟ್ಟದ ಕಡೆ ಹೋಗಿ ವ್ರತ ಹಿಡಿದಳು ಅಂತ ಕೆಲವರು. ಕಂಪನಿ ಮುಚ್ಚಿತು. ಕಪ್ಪು ಯಂತ್ರ ಗುಜರಿಗೆ ಹೋಯಿತು.

ಈಗ ಎಲ್ಲರ ಕಿಸೆಯಲ್ಲೂ ಫೋನಿದೆ. ಆದರೂ ನೀವು ಆ ಊರಿಗೆ ಹೋಗಿ ನೋಡಿ. ಲಾರಿ ಒಂದು ದೊಡ್ಡ ಊರು ದಾಟಿತೆಂದರೆ ಚಾಲಕ ಮನೆಗೆ ಫೋನು ಮಾಡಿ ಊರ ಹೆಸರಷ್ಟೇ ಹೇಳುತ್ತಾನೆ. "ಕರಾಡ." ಮನೆಯವಳು "ಹೂಂ" ಅನ್ನುತ್ತಾಳೆ. ಅಷ್ಟೇ ಮಾತು. ಇದಕ್ಕೆ ಅವರು "ರಾಜಮತಿಗೆ ಹೇಳುವುದು" ಅನ್ನುತ್ತಾರೆ. ಆಕೆ ಯಾರೆಂದು ಗೊತ್ತಿಲ್ಲದ ಎಳೆಯ ಸೊಸೆಯಂದಿರೂ, ಗಂಡ ಗಾಡಿ ಹತ್ತುವಾಗ ಬಾಗಿಲಲ್ಲಿ ನಿಂತು ಕೂಗುತ್ತಾರೆ: "ದಾರ್ಯಾಗ ರಾಜಮತಿಗೆ ಹೇಳ್ರಿ, ಮರೀಬ್ಯಾಡ್ರಿ!"